ಸ್ಟೇರಿಂಗ್ ಕೀಲು ನೇತುಬಿದ್ದ ತೆಂಗಿನ ಮರ

ಬೆಳಕು ಹರಿಯುವ ಮುಂಚೆಯೇ ಕೆಂಚಯ್ಯ ಜಜ್ಜಿಹೋದ ಜೀಪೊಂದರ ಅಡಿ ಸೇರಿದ್ದಾರೆ. ತಿಪಟೂರಿನ ಹೊರಗೆ, ಚಿಕ್ಕನಾಯಕನಹಳ್ಳಿ ರಸ್ತೆಯಲ್ಲಿ ಅವರ ಶೆಡ್ಡು. ಅಪಘಾತವಾದ ಗಾಡಿಗಳನ್ನು ಬಿಚ್ಚಿ ಗುಜರಿಗೆ ಹಾಕುವುದು ಕಸುಬು.

ಶೆಡ್ಡಿನ ಮುಂದಿನ ತೆಂಗಿನ ಮರಕ್ಕೆ ಮೊಳೆ ಹೊಡೆದು ಮೂರು ಸ್ಟೇರಿಂಗ್ ಕೀಲು ನೇತುಹಾಕಿದ್ದಾರೆ. ಮೂರೂ ಒಂದೇ ಕಂಪನಿಯ ವ್ಯಾನಿನವು, ಮೂರೂ ಒಂದೇ ಕಡೆ ಮುರಿದಿವೆ. ಅಂದಿನಿಂದ ಮರ ನಾಚಿಕೊಂಡು ಕಾಯಿ ಬಿಡುವುದನ್ನೇ ನಿಲ್ಲಿಸಿದೆ. ಕೊನೆಯ ಎಳನೀರಿಗೆ ಗ್ರೀಸ್ ವಾಸನೆ ಇತ್ತೆಂದು ಕುಡಿದವರೇ ಪ್ರಮಾಣ ಮಾಡುತ್ತಾರೆ.

ಮೊದಲನೆಯದು ಕೆಂಚಯ್ಯನವರ ತಮ್ಮ ಆಂಜನಪ್ಪನ ವ್ಯಾನಿನದು. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಅರಳಗುಪ್ಪೆಯಿಂದ ಒಣಗಿದ ಕಾಯಿ ತರುವಾಗ ವ್ಯಾನು ಕೆರೆ ಏರಿಯಿಂದ ಉರುಳಿ ಅವನು ಸತ್ತ. ಅಟ್ಟದಲ್ಲಿ ಒಣಗಿದ ಕಾಯಿಯೊಳಗೆ ಕೊಬ್ಬರಿ ಲೊಡಲೊಡ ಅನ್ನಬೇಕು. ಈ ಸೀಮೆಯಲ್ಲಿ ಆ ಸದ್ದು ಕೇಳಿದರೆ ಎಲ್ಲರಿಗೂ ಖುಷಿ.

"ಸದ್ದು ಮಾಡ್ತಿದ್ದುದು ಕೀಲು ಕಣ್ರೀ. ಕೊಬ್ರಿ ಚೆನ್ನಾಗ್ ಒಣಗೈತೆ ಅಂತ ಹಿಗ್ತಾ ಬಂದವ್ನೆ. ಜತೇಲಿದ್ದ ಹಮಾಲಿ ಬದುಕ್ಕಂಡ, ಅವ್ನೇ ಹೇಳ್ದ" ಎನ್ನುತ್ತಾರೆ ಕೆಂಚಯ್ಯ.

ಪೊಲೀಸರು ಕುಡಿದು ಓಡಿಸಿದ ಎಂದು ಬರೆದು ಕೇಸು ಮುಗಿಸಿದರು. ಗಾಡಿಯಲ್ಲಿ ದೋಷವೇ ಇಲ್ಲವೆಂದರು ಕಂಪನಿಯ ಏಜೆಂಟರು. "ಮಜ್ಜಿಗೆ ಹುಳಿಯಾದ್ರೂ ಮುಟ್ತಿರ್ಲಿಲ್ಲ ನಮ್ಮುಡ್ಗ. ಮೂರ್ನೇ ಕೀಲು ಸಿಕ್ಮೇಲೆ ಏಜೆಂಟ್ರಿಗೆ ತಗಂಡೋಗಿ ತೋರಿಸ್ದೆ. ಟೀ ಕೊಟ್ಟು ಕಳಿಸಿದ್ರು."

ಹಾಗಾಗಿ ಆ ಕಂಪನಿಯ ವ್ಯಾನು ಇಟ್ಟವರು ನಿಜ ತಿಳಿಯಬೇಕೆಂದರೆ ಈ ಮರದ ಬುಡಕ್ಕೇ ಬರುತ್ತಾರೆ. ಇವತ್ತು ಬಂದವರು ಕಂದಿಕೆರೆಯ ಸಣ್ಣತಿಮ್ಮಯ್ಯ. ವ್ಯಾನಿನ ತುಂಬ ಒಣಗಿದ ಕಾಯಿ.

"ಲೋಡ್ ಇಳ್ಸು."

"ಕಾಯಿ ಒಡೆಯೋರು ಕಾಯ್ತವ್ರೆ ಕಣಣ್ಣ. ಹಂಗೇ ಕೇಳಿಸ್ಕೊಂಬುಡು."

"ಓಲಗದ ಮುಂದೆ ಕುಂತು ಗುಟ್ಟು ಕೇಳು ಅಂತೀಯಲ್ಲ. ಇಳ್ಸ್ಲಾ."

ಗೊಣಗುತ್ತಲೇ ಇಳಿಸುತ್ತಾರೆ. ವ್ಯಾನು ಖಾಲಿಯಾಗುತ್ತದೆ. ಕೆಂಚಯ್ಯ ಅಡಿಯಲ್ಲಿ ಮಲಗಿ ಕೀಲಿನ ಮೇಲೆ ಕೈಯಿಟ್ಟು, "ತಿರುಗ್ಸು" ಎನ್ನುತ್ತಾರೆ.

ಲೊಡ್.

ಸಣ್ಣತಿಮ್ಮಯ್ಯನ ಕೈ ಸ್ಟೇರಿಂಗ್ ಬಿಟ್ಟುಬಿಡುತ್ತದೆ. "ನೆನ್ನೆ ಇದ್ರಾಗೇ ಮಕ್ಳನ್ನ ಕೂರಿಸ್ಕಂಡು ಬಂದೆ ಕಣಣ್ಣ."

ಕೆಂಚಯ್ಯ ಕೀಲು ಬಿಚ್ಚುತ್ತಾರೆ. ಮುರಿಯುವ ಮುಂಚೆ ಕೈಗೆ ಸಿಕ್ಕಿದ್ದು ಇದೇ ಮೊದಲು. ಅದನ್ನೂ ಮರಕ್ಕೆ ನೇತುಹಾಕುತ್ತಾರೆ.

ಸಣ್ಣತಿಮ್ಮಯ್ಯ ಮರದ ಹತ್ತಿರ ಬಂದು ಕೀಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. "ಆಂಜನಪ್ಪಂದು ಯಾವ್ದಣ್ಣ? ನಾನೂ ಅವ್ನು ಕುಡಿದಿದ್ದ ಅಂತ್ಲೇ ನಂಬಿದ್ದೆ."

ಕೆಂಚಯ್ಯ ಗ್ರೀಸಿನ ಕೈ ಒರೆಸಿಕೊಳ್ಳುತ್ತಾರೆ. "ಹಂಗ್ ನಂಬ್ದೋರು ಇವತ್ತಿಗೆ ಒಬ್ರು ಕಮ್ಮಿಯಾದ್ರು ಬುಡು."