ಸಾಹೇಬರಿಗೊಬ್ಬ ಕೇಳುಗ

ಇಂದು ಸಂಜೆ ಡ್ಯೂಟಿಗೆ ಹೋಗುವ ಮೊದಲು ಬ್ರೂಸ್‌ಪೇಟೆಯ ಬಂಡಿಯಲ್ಲಿ ಮಿರ್ಚಿ ಕಚ್ಚಿದೆ ನೋಡಿ, ಖಾರ ನೆತ್ತಿಗೇರಿ ಕೆಮ್ಮು ಬಂತು. ಬಂದದ್ದು ನನ್ನ ಕೆಮ್ಮಲ್ಲ. ನಮ್ಮ ರೇಡಿಯೋ ನಿಲಯದ ಹಳೆಯ ನಿರ್ದೇಶಕರದು. ಊರವರ ದನಿ ಕದಿಯುವವನ ಪಾಡೇ ಇಷ್ಟು. ಮನೆಯಲ್ಲಿ ಸೀನಿದರೂ ಅವ್ವ, "ಇದು ಯಾರ್ದಲೇ?" ಎಂದು ಕೇಳುತ್ತಾಳೆ.

ಆ ಸಾಹೇಬರು ಇಲ್ಲೇ ಹತ್ತಿರದ ಕುರುಗೋಡಿನವರೇ. ಆದರೆ ಕುರ್ಚಿಯಲ್ಲಿ ಕೂತರೆ ಗ್ರಂಥವೇ ಬಾಯಿ ತೆರೆದಂತೆ. ಚಹಾ ಬೇಕಾದರೂ, "ಹ್ಹೆಂ... ಚಹಾಸೇವನೆಯ ಸಮಯ ಸನ್ನಿಹಿತವಾಗಿದೆ." ಗುಮಾಸ್ತರಾಗಿ ಸೇರಿ, ಮೆಟ್ಟಿಲಿಗೊಂದು ಸಂಸ್ಕೃತ ಪದ ಎತ್ತಿಕೊಳ್ಳುತ್ತ ಮೇಲೇರಿದವರು. ಉಳಿದದ್ದು ಒಂದೇ ಮೆಟ್ಟಿಲು, ವಲಯದ ದೊಡ್ಡ ಹುದ್ದೆ. ಅಡ್ಡ ನಿಂತದ್ದು ಅವರೇ ಹುಟ್ಟುಹಾಕಿದ ರೈತರ ಫೋನ್ ಕಾರ್ಯಕ್ರಮ. ಅದಕ್ಕೆ ಫೋನೇ ಬರುತ್ತಿರಲಿಲ್ಲ! ಕೇಳುಗರಿಲ್ಲದವರಿಗೆ ಬಡ್ತಿ ಎಲ್ಲಿಯದು ಎಂದು ಮೇಲಧಿಕಾರಿ ಗುಡುಗಿದ್ದರಂತೆ.

ಸಾಹೇಬರು ಹಂಗಾಮಿ ಉದ್ಘೋಷಕನಾಗಿದ್ದ ನನ್ನನ್ನು ಕರೆದು ಬಾಗಿಲು ಹಾಕಿದರು. "ನಿನ್ನ ಕಂಠವು ಕೃಷಿಗೆ ಉಪಯುಕ್ತವಾಗಲಿ."

ಮರುವಾರದಿಂದ ಪಕ್ಕದ ಕೋಣೆಯಲ್ಲಿ ಕೂತು ನಾನೇ ಫೋನ್ ಹಚ್ಚತೊಡಗಿದೆ. ಮೋಕ ಊರಿನ, ತೆಲುಗು ಬೆರೆಸಿ ಮಾತಾಡುವ ಮುದುಕ ನಾನೇ. "ಸಿರಿಗೇರಿ ತಿಪ್ಪಣ್ಣ ಮಾತಾಡಾಕತ್ತೀನ್ರಿ, ನಮ್ಮ ಮೆಣಸಿನಗಿಡದ ಎಲಿ ಮುದುಡ್ಯಾವ್ರಿ" ಎಂದು ಗೋಳಾಡುವವನೂ ನಾನೇ. ಧ್ವನಿಮುದ್ರಣ ಕೇಳಿದ ಮೇಲಧಿಕಾರಿ ಈ ತಿಪ್ಪಣ್ಣನಿಗೆ ಮನಸೋತು, ಸಿರುಗುಪ್ಪದಲ್ಲಿ ಸಭೆ ಮಾಡಿ ತಾವೇ ಶಾಲು ಹೊದಿಸುತ್ತೇನೆ ಎಂದುಬಿಟ್ಟರು.

ಸಾಹೇಬರ ಮುಖ ಸುಣ್ಣವಾಯಿತು. "ಚಿಂತಿ ಮಾಡಬ್ಯಾಡ್ರಿ ಸರ್, ಸಿರಿಗೇರ್‍ಯಾಗ ತಿಪ್ಪಣ್ಣ ಇರಲಾರ್ದ ಇರ್ತಾರೇನ್ರಿ?" ಎಂದೆ.

ಇದ್ದರು. ವೇದಿಕೆಯಿಂದ ಹೆಸರು ಕೂಗಿದ್ದೇ ಮೂವರು ಎದ್ದರು.

"ಫೋನ್ ಮಾಡಿದಾಂವ ನಾನ!"

"ಲೇ, ನಿನ್ನ ಹೊಲದಾಗ ಮೆಣಸಿನಗಿಡಾನ ಇಲ್ಲ!"

"ನಿನ್ನ ಹತ್ರ ಫೋನರ ಐತೇನಲೇ?"

ದನಿ ಕೇಳಿ ಗುರುತು ಹಿಡಿಯುತ್ತೇನೆಂದು ಮೇಲಧಿಕಾರಿ ಮೂವರ ಕೈಗೂ ಮೈಕು ಕೊಡಿಸಿದರು. ಮೂರು ಸಲವೂ, "ಇದೇ ದನಿ!" ಎಂದು ಕುಣಿದರು. ನನ್ನ ಪ್ರತಿಭೆ ಅಂಥದ್ದು. ಯಾರಂತೆ ಮಾತಾಡಿದರೂ ಇನ್ನಿಬ್ಬರಂತೆ ಕೇಳಿಸುತ್ತದೆ. ಶಾಲು ಸಾಲದೆ ಸಾಹೇಬರ ಹೆಗಲಿನದೂ ಹೋಯಿತು. ಬಡ್ತಿ ಮಾತ್ರ ಬಂತು.

ಆಮೇಲಿನದು ಯಾರೂ ಯೋಜಿಸಿದ್ದಲ್ಲ. ತಾನೇ ಅಸಲಿ ಎಂದು ತೋರಿಸಲು ಮೂವರೂ ವಾರವಾರವೂ ನಿಜವಾಗಿ ಫೋನ್ ಮಾಡತೊಡಗಿದರು. ಅವರನ್ನು ಸುಳ್ಳು ಮಾಡಲು ಸಿರಿಗೇರಿಯ ಉಳಿದವರೂ ಶುರುಮಾಡಿದರು. ನನ್ನ ದನಿಗಳಿಗೆ ಕೆಲಸ ತಪ್ಪಿ, ನನ್ನನ್ನೇ ನಿರೂಪಕನನ್ನಾಗಿ ಕೂರಿಸಿದರು.

ಇಂದೂ ಮಿರ್ಚಿ ಮುಗಿಸಿ ಹಾಗೇ ಸ್ಟುಡಿಯೋದಲ್ಲಿ ಮೈಕಿನ ಮುಂದೆ ಕೂತಿದ್ದೆ. ಒಂದು ಕರೆ ಬಂತು.

"ಹ್ಹೆಂ... ಕುರುಗೋಡಿಂದ ಮಾತಾಡಾಕತ್ತೀನಿ. ಅರ್ಧ ತಾಸಾತು ಹಚ್ಚಾಕತ್ತು, ಆ ತಿಪ್ಪಣ್ಣಗೋಳು ಲೈನ ಬಿಡವಲ್ರು. ಹಿತ್ತಲದಾಗ ಕರಿಬೇವು ಹಚ್ಚೀನಿ, ಒಣಗಾಕತ್ತೈತಿ. ಏನ್ ಮಾಡ್ಲಿ?"

ಆ 'ಹ್ಹೆಂ' ಸಾಹೇಬರದೇ! ನಿವೃತ್ತರಾಗಿ ಊರು ಸೇರಿದ್ದಾರೆಂದು ಕೇಳಿದ್ದೆ. ಗಾಜಿನಾಚೆಯ ತಂತ್ರಜ್ಞ, 'ಲೇ, ಅವರಂಗ ಮಾತಾಡು' ಎಂದು ಸನ್ನೆ ಮಾಡಿದ. ಬಾಯಿ ತೆರೆದೆ, ಆ ದನಿ ಸಿಗಲಿಲ್ಲ. ಊರಮಾತಿನ ಈ ದನಿಯನ್ನು ನಾನು ಅವರ ಬಾಯಲ್ಲಿ ಹಿಂದೆ ಕೇಳಿರಲೇ ಇಲ್ಲ.

"ಬೇರಿನ ಹತ್ರ ಮಣ್ಣು ಹಸಿ ಐತೇನ್ರಿ, ಸರ್?"

"ಮುಟ್ಟಿ ನೋಡಿಲ್ಲಲೇ. ತಡಿ, ನೋಡಿ ಬರ್ತೀನಿ. ಫೋನ್ ಇಡಬ್ಯಾಡ."

ನೇರ ಪ್ರಸಾರದಲ್ಲಿ ಮೌನ ಮಹಾಪಾಪ ಎಂದು ನನಗೆ ಕಲಿಸಿದವರು ಅವರೇ. ನಾನು ಹಾಡು ಹಚ್ಚಲಿಲ್ಲ, ಲೈನ್ ತೆರೆದೇ ಇಟ್ಟೆ. ಹಿತ್ತಲಿಗೆ ಹೋಗುವ ಅವರ ಚಪ್ಪಲಿ ಸದ್ದನ್ನು ಜಿಲ್ಲೆಯೆಲ್ಲ ಕೇಳಿತು.