ಕಿರಿಯ ರಾಜಕುಮಾರಿಯ ಅಧ್ಯಾಯ

ಏಳನೇ ಕ್ಲಾಸಿನವರೆಗೆ ನನ್ನನ್ನು ಉಡುಪಿಯಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಆಮೇಲೆ ಮುಂಬೈ ಕಡೆಯ ಡೊಂಬಿವಲಿಗೆ, ಅಪ್ಪ ಅಮ್ಮನ ಹತ್ತಿರ ಬಂದರೆ ಅಪ್ಪನ ಪಕ್ಕದ ಜಾಗ ತಂಗಿಯದಾಗಿತ್ತು. ಹೊಟ್ಟೆಕಿಚ್ಚು, ಬೇರೆಂತದ್ದೂ ಅಲ್ಲ. ಹದಿನಾರಕ್ಕೆ ಅದನ್ನೇ ಕಾದಂಬರಿ ಮಾಡಲು ಕೂತೆ: ಒಂದು ರಾಜ್ಯ, ತಪ್ಪು ಮನುಷ್ಯರು ಕೂತರೆ ಗರ್ಜಿಸುವ ಸಿಂಹಾಸನ, ಅದಕ್ಕೆ ಕಿತ್ತಾಡುವ ಅಕ್ಕತಂಗಿ. ಕಿರಿಯ ರಾಜಕುಮಾರಿ ಎಡಚಿ, ಜಡೆಯ ತುದಿ ಕಚ್ಚುತ್ತಾಳೆ, ಕಾಗೆಗಳ ಜೊತೆ ಮಾತಾಡುತ್ತಾಳೆ. ಕಾಗೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ನನ್ನ ತಂಗಿಯೇ.

ನೋಟ್‌ಬುಕ್ಕನ್ನು ಫ್ರಿಜ್ಜಿನ ಮೇಲೆ ಬಿಂದಾಸ್ ಇಡುತ್ತಿದ್ದೆ. ತಂಗಿ ಇಲ್ಲೇ ಹುಟ್ಟಿದವಳು, ಮರಾಠಿ ಶಾಲೆ. ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ. ಓದಲು ಒಂದಕ್ಷರ ಬಾರದು. ಅಕ್ಷರ ಬಾರದಿದ್ದರೆ ಕಿವಿಯೂ ಇಲ್ಲವಾ ಅಂತ ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ತಂಗಿ ಆ ನೋಟ್‌ಬುಕ್ಕನ್ನು ಅಮ್ಮನ ಕೈಗೆ ಕೊಟ್ಟಳು. "ಅಕ್ಕಾ ಕ್ಯಾ ಲಿಖ್ತೀ ಹೈ, ಪಢ್ ಕೇ ಸುನಾ ನಾ." ಮಗಳು ಕಥೆ ಬರೆಯುತ್ತಾಳೆ ಅಂತ ಅಮ್ಮನಿಗೆ ಹೆಮ್ಮೆ; ರಾಗವಾಗಿ ಓದಲು ಶುರು ಮಾಡಿದಳು. ಕಾಗೆ ಬಂದಾಗ ತಂಗಿ ಕಿಸಕ್ಕನೆ ನಕ್ಕಳು. ನಾನು ತಡೆಯಬಹುದಿತ್ತು. ತಡೆಯಲಿಲ್ಲ.

"ಗಂಡು ಬೇಕೆಂದು ರಾಜ ಹರಕೆ ಹೊತ್ತಿದ್ದ. ನೀನು ಯಾರಿಗೂ ಬೇಡವಾಗಿ ಹುಟ್ಟಿದವಳು, ಎಂದಳು ಅಕ್ಕ" ಅಂತ ಅಮ್ಮ ಓದಿಯೇ ಬಿಟ್ಟಳು. ಆಮೇಲೆ ನಿಲ್ಲಿಸಿದಳು. ಆ ಮಾತು ನನ್ನ ಕಲ್ಪನೆಯಲ್ಲ, ತಂಗಿಯ ಬಗ್ಗೆ ಅಜ್ಜಿ ಹೇಳಿದ್ದು. ಅಮ್ಮನಿಗೂ ಅದು ಗೊತ್ತಾಯಿತು.

ತಂಗಿ ನನ್ನ ಕಡೆ ನೋಡಲಿಲ್ಲ. "ಸಚ್ ಹೈ ಕ್ಯಾ?" ನಿಜವಾ ಅಂತ ಅಮ್ಮನನ್ನೇ ಕೇಳಿದಳು.

"ಕಥೆ ಮಾರಾಯ್ತಿ ಅದು, ಎಂತ ಕೇಳ್ತಿ," ಅಂದ ಅಮ್ಮ ಅವಳಿಗೆ ಅನ್ನ ಬಡಿಸಿದಳು. ತಟ್ಟೆಯಲ್ಲಿ ಅನ್ನ ಇತ್ತು. ಅದರ ಮೇಲೆ ಇನ್ನೊಂದು ಸೌಟು ಹಾಕಿದಳು. ತಂಗಿ ಅಷ್ಟನ್ನೂ ಉಂಡಳು. ನಾನೂ ಸಾರು ಕೇಳಿ ಹಾಕಿಸಿಕೊಂಡೆ. ನನಗೆ ಏನೂ ಅನ್ನಿಸಲಿಲ್ಲ. ಛೀ, ನಿನ್ನ ಜನ್ಮಕ್ಕಿಷ್ಟು ಅಂತ ಬೈದುಕೊಳ್ಳಲಿಕ್ಕೂ ಆಗಲಿಲ್ಲ. ಈಗಲೂ ನೆನೆದರೆ ಕಾಲು ಜೋಮು ಹಿಡಿದ ಹಾಗೆ, ಅಷ್ಟೆ. ಕಾದಂಬರಿ ಅಲ್ಲಿಗೇ ನಿಂತಿತು.

ಅವಳು ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಮದುವೆಯಾಗಿ ನಾನು ಕಾಮೋಠೆಗೆ ಹೋದೆ, ಅವಳು ನೆರೂಳಿಗೆ. ಹಬ್ಬಕ್ಕೆ ಬರುತ್ತಾಳೆ, ಡಬ್ಬಿ ಕೊಡುತ್ತಾಳೆ, "ಸಬ್ ಠೀಕ್ ಹೈ ನಾ?" ಅಂತ ಕೇಳಿ ಹೋಗುತ್ತಾಳೆ.

ಅವಳಿಗೆ ಎರಡನೆಯ ಮಗಳು ಹುಟ್ಟಿದಾಗ ಆಸ್ಪತ್ರೆಗೆ ಹೋದೆ. ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಕೊಡಲಿಲ್ಲ. ಹುಟ್ಟಿದಾಗಿನಿಂದ ನನ್ನ ಹತ್ತಿರ ಒಂದು ಮಾತೂ ಕನ್ನಡ ಆಡದವಳು, ಅವತ್ತು ನಿಧಾನವಾಗಿ ಕನ್ನಡದಲ್ಲೇ ಹೇಳಿದಳು: "ನಮಗೆ ಹೆಣ್ಣೇ ಬೇಕಿತ್ತು. ಬರ್ಕೋ."