ಡಾಕ್ಟ್ರಮ್ಮನ ಕೈಗುಣ

ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಕೈಯೆತ್ತಿ ಕರೆದರೆ ಕವಿತ ಮೊದಲು ನೋಡುವುದು ಅವರ ಮುಖವನ್ನಲ್ಲ, ಭುಜ ಎಷ್ಟು ಡಿಗ್ರಿ ಎದ್ದಿತು ಎಂಬುದನ್ನು. ಫಿಸಿಯೋಥೆರಪಿಯಲ್ಲಿ ಪಿಎಚ್‌ಡಿ ಮಾಡುವವರ ಜಾತಿಯೇ ಅಂಥದ್ದು. ಧಾರೆಯ ಹೊತ್ತಿಗೆ ಎಲ್ಲರೂ ಅಕ್ಷತೆ ಹಾಕುತ್ತಿದ್ದರೆ ಇವಳ ಕಣ್ಣು ಮದುವಣಗಿತ್ತಿಯ ಮಣಿಕಟ್ಟಿನ ಮೇಲೆ. ಅಮ್ಮ ಸಾರಿಗೆ ಉಪ್ಪು ಸಾಕಾ ಎಂದರೂ, "ಒಬ್ಬಳ ಮಾತಿನ ಮೇಲೆ ಹೇಳಕ್ಕಾಗಲ್ಲಮ್ಮ, ಇನ್ನೊಂದಷ್ಟು ಜನ ತಿನ್ಲಿ" ಎನ್ನುತ್ತಾಳೆ. ತನ್ನ ಊರಾದ ದಿಬ್ಬೂರಹಳ್ಳಿಯವರು "ಡಾಕ್ಟ್ರಮ್ಮ" ಎಂದರೆ, "ಇನ್ನೂ ಆಗಿಲ್ಲ" ಎಂದು ನಾಚುತ್ತಾಳೆ. ಒಮ್ಮೊಮ್ಮೆ ಓಗೊಡುವುದೂ ಉಂಟು. ಅಲ್ಲೇ ಅವಳ ಸೋದರತ್ತೆ ಅಮ್ಮಾಜಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ಕವಿತಳ ಸಂಶೋಧನೆಯಲ್ಲಿ ಅರ್ಧ ಜನಕ್ಕೆ ಹೊಸ ವ್ಯಾಯಾಮ. ಉಳಿದರ್ಧಕ್ಕೆ ಅದಿಲ್ಲ, ಅವರು ಹೋಲಿಕೆಗಷ್ಟೇ. ಆ ಗುಂಪಿನ ಹೆಸರು ಕಂಟ್ರೋಲ್. ಯಾರು ಯಾವ ಗುಂಪಿಗೆ ಎಂದು ಚೀಟಿ ಎತ್ತಿದಾಗ ಅತ್ತೆ ಬಿದ್ದದ್ದು ಅದಕ್ಕೆ. ಕವಿತ ಬಿಡಿಸಿ ಹೇಳಿದ್ದಳು, ಆದರೆ ಅತ್ತೆಗೆ ಕೇಳಿಸಿದ್ದು ಒಂದೇ ಮಾತು, ಕಂಟ್ರೋಲ್. ಶುಗರ್ ಕಂಟ್ರೋಲಿಗೆ ಬಂತು, ಬಿಪಿ ಕಂಟ್ರೋಲಿಗೆ ಬಂತು ಎನ್ನುವ ಊರಲ್ಲವೇ! "ನಮ್ ಕವಿತಮ್ಮ ನನ್ನ ಕಂಟ್ರೋಲಿಗೆ ಹಾಕವ್ಳೆ" ಎಂದು ಬೀದಿಗೆಲ್ಲ ಸಾರಿದಳು. ಅಲ್ಲತ್ತೆ ಎಂದು ತಿದ್ದುವ ಬದಲು ಕವಿತ ಅತ್ತೆಯ ಬೀದಿಯನ್ನೇ ಬಿಟ್ಟಳು. ಅಂದಿನಿಂದ ಮುಖ ಕೊಡಲಾಗದೆ ಹಾಲಿನ ಡೈರಿಯ ಹಿಂದಿನಿಂದ ಸುತ್ತಿಕೊಂಡು ಹೋಗುತ್ತಾಳೆ. ಮೊನ್ನೆ ಅಲ್ಲಿಯೂ ಎದುರಾದ ಅತ್ತೆ, ಎಡಗೈಯಿಂದ ಬಲಗೈ ಎತ್ತಿ ಅವಳ ತಲೆಯ ಮೇಲಿಟ್ಟು, "ನಿನ್ ಕೈಗುಣ ಒಳ್ಳೇದು ಕಣಮ್ಮ" ಎಂದಳು. ಆ ಭುಜ ಎಷ್ಟು ಡಿಗ್ರಿ ಎದ್ದಿತೋ ಕವಿತ ನೋಡಲಿಲ್ಲ. ತಲೆ ಎತ್ತಿದರೆ ತಾನೆ ನೋಡುವುದು.